ಚಿಂದಿಯ ದಿಂಬು

"ಮೂಸಿ ನೋಡು! ಮೂಗಿದೆ ತಾನೆ? ಮೂಸು ಅಂತಿದೀನಿ!"

ಕಾಜಕ್ಕ ಆ ಪುಟ್ಟ ದಿಂಬನ್ನು ಗಂಡನ ಮುಖಕ್ಕೆ ಒತ್ತಿಯೇಬಿಟ್ಟಳು. ದರ್ಜಿ ಮೆಷೀನಿನಿಂದ ಕಾಲು ತೆಗೆಯುವಷ್ಟರಲ್ಲಿ ಅವನ ಕನ್ನಡಕ ಜಾರಿ ಮೂಗಿನ ತುದಿಗೆ ಬಂದು ನಿಂತಿತ್ತು.

"ಏ, ತಲೆಗಿಲೆ ಕೆಟ್ಟಿದೆಯೇನೇ ನಿಂಗೆ? ಅಕ್ಕನ ಮನೆಯಿಂದ ಈಗ ಬಂದಿದೀಯ, ಇನ್ನೂ ಚಪ್ಪಲಿ ಬಿಟ್ಟಿಲ್ಲ..."

"ಬಿಡಲ್ಲ. ಕೂತ್ಕೊಳ್ಳೋಕೆ ಬಂದಿಲ್ಲ ನಾನು. ಏನು ವಾಸನೆ, ಅದನ್ನ ಹೇಳು."

"ದಿಂಬಿನ ವಾಸನೆ. ಇನ್ನೇನು, ದಿಂಬಿಂದ ಸೆಂಟಿನ ವಾಸನೆ ಬರುತ್ತಾ?"

ಗಲಾಟೆ ಕೇಳಿ ಅತ್ತೆ ಒದ್ದೆ ಕೈಯಲ್ಲೇ ಅಡುಗೆ ಮನೆಯಿಂದ ಬಂದರು. ಕೂಗಾಟ ಅವರಿಗೆ ಹೊಸದಲ್ಲ. ಆ ಮನೆಯಲ್ಲಿ ಮೆಷೀನಿನ ಸದ್ದಿಗಿಂತ ಜೋರಾಗಿ ಮಾತಾಡದಿದ್ದರೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಅವರನ್ನು ಪರದೆಯ ಬಳಿಯೇ ನಿಲ್ಲಿಸಿದ್ದು ಸೊಸೆಯ ಬಾಯಿಂದ ಬಂದ ಏಕವಚನ. ಮದುವೆಯಾದಂದಿನಿಂದ ಕಾಜಕ್ಕ ಗಂಡನಿಗೆ 'ರೀ', 'ನೀವು' ಬಿಟ್ಟು ಬೇರೆ ಅಂದವಳಲ್ಲ. ಬೈಯುವಾಗಲೂ "ನಿಮ್ಮ ಬುದ್ಧಿಗಿಷ್ಟು ಬೆಂಕಿ ಬೀಳ" ಎಂದು ಮರ್ಯಾದೆಯಿಂದಲೇ ಬೈಯುತ್ತಿದ್ದಳು.

"ಮಗು ಎಲ್ಲೇ?" ಎಂದರು ಅತ್ತೆ.

"ಹೊರಗೆ, ಮೆಟ್ಟಿಲ ಮೇಲೆ ಕೂರಿಸಿದೀನಿ. ಅಲ್ಲೇ ಇರಲಿ. ನೀವು ಕರೀಬೇಡಿ ಅತ್ತೆ."

ಬೀದಿಗೆಲ್ಲ ಅವಳು ಕಾಜಕ್ಕ. ಗಂಡ ಕತ್ತರಿಸಿ ಹೊಲಿಯುತ್ತಿದ್ದ, ಇವಳು ಗುಂಡಿ ಹಾಕಿ, ಅದು ತೂರುವ ಕಾಜ ಕಟ್ಟುತ್ತಿದ್ದಳು. ಇವಳ ಕೈಯ ಕಾಜ ಅಂಗಿ ಹರಿದರೂ ಹರಿಯದು ಎಂಬ ಮಾತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮೆಷೀನು, ಗೋಡೆಗೆ ಒತ್ತಿ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ತುಂಡುಬಟ್ಟೆ ತುಂಬುವ ಗೋಣಿಚೀಲ, ಮೆಷೀನಿನ ಕಾಲ ಬಳಿ ಬೂದಿ ಉದುರಿಸುವ ಡಬ್ಬ. ಹಿಂದಿನ ಕೋಣೆಯಲ್ಲಿ ಅಡುಗೆ, ಊಟ, ನಿದ್ದೆ ಎಲ್ಲ. ನಡುವೆ ಬಾಗಿಲಿರಲಿಲ್ಲ, ಒಂದು ಪರದೆ.

ಮಗಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಹುಟ್ಟಿದಾಗ ದಾರದುಂಡೆಯ ಹಾಗೆ ದುಂಡಗಿದ್ದಳೆಂದು ಅಜ್ಜಿಯೇ 'ಉಂಡೆ' ಎಂದು ಕರೆದಿದ್ದರು. ಹೆಸರು ಹಾಗೇ ಉಳಿದು, ದಾರವೆಲ್ಲ ಬಿಚ್ಚಿಹೋಗಿ ಬರಿಯ ರೀಲು ಉಳಿದಂತೆ ಆಗಿದ್ದಳು ಹುಡುಗಿ. ಒಂದು ಚಳಿಗಾಲದಲ್ಲಿ ಶುರುವಾದ ಕೆಮ್ಮು ಬೇಸಿಗೆ ಬಂದರೂ ಹೋಗಲಿಲ್ಲ. ಮಲಗಿದರೆ ಎದೆಯೊಳಗೆ ಯಾರೋ ಸೀಟಿ ಊದಿದ ಹಾಗೆ. ಉಸಿರೆಳೆದಾಗ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಎಳೆದುಕೊಳ್ಳುತ್ತಿತ್ತು. ಅದನ್ನು ನೋಡುತ್ತ ಕೂತ ತಾಯಿಗೆ ತನ್ನ ಉಸಿರೂ ಭಾರ.

ಮಕ್ಕಳ ಡಾಕ್ಟರಮ್ಮ ಮೊದಲು ಕೇಳಿದ ಪ್ರಶ್ನೆಯೇ "ಮನೇಲಿ ಯಾರು ಸೇದ್ತಾರೆ?" ಎಂದು. ದರ್ಜಿ ತಲೆ ತಗ್ಗಿಸಿ ಕೈ ಎತ್ತಿದ, ಶಾಲೆಯ ಹುಡುಗನ ಹಾಗೆ. ಮಗುವಿನ ಮುಂದೆ ಇನ್ನು ಒಂದು ದಮ್ಮೂ ಎಳೆಯುವುದಿಲ್ಲ ಎಂದು ಅಲ್ಲೇ ಮಗಳ ತಲೆ ಮುಟ್ಟಿ ಹೇಳಿದ. ನ್ಯಾಯವಾಗಿ ಹೇಳಬೇಕೆಂದರೆ, ಆ ಮಾತನ್ನು ಉಳಿಸಿಕೊಂಡ ಕೂಡ. ಬೆಳಿಗ್ಗೆ ಅಜ್ಜಿ ಮಗುವನ್ನು ಎತ್ತಿಕೊಂಡು ಹಾಲು ತರಲು ಹೋದಾಗ ಒಂದು. ಮಧ್ಯಾಹ್ನ ಕಾಜಕ್ಕ ಮಗುವನ್ನು ಕರೆದುಕೊಂಡು ಗಿರಾಕಿಗಳ ಮನೆಗೆ ಬಟ್ಟೆ ಕೊಡಲು ಹೋದಾಗ ಎರಡೋ ಮೂರೋ. ಕಿಟಕಿ ತೆಗೆದು, ಫ್ಯಾನು ಜೋರು ಮಾಡಿ, ಮೆಷೀನಿನ ಮುಂದೆ ಕೂತು ಸೇದುತ್ತಿದ್ದ. ಇವರು ಬರುವಷ್ಟರಲ್ಲಿ ಕೋಣೆ ತಿಳಿಯಾಗಿರುತ್ತಿತ್ತು. "ಎಲ್ಲಿದೆ ಹೊಗೆ? ಇದ್ರೆ ಹಿಡಿದು ತೋರಿಸು" ಎಂದು ಎದೆಯುಬ್ಬಿಸಿ ಕೇಳುತ್ತಿದ್ದ. ಕಾಜಕ್ಕನೂ ನಂಬಿದ್ದಳು. ಹಾಗೆ ನಂಬಿದ್ದಕ್ಕೇ ಅವಳಿಗೆ ಇಂದು ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

ಎರಡನೆಯ ಸಲ ಹೋದಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಹೊಗೆ ಹೋಗುತ್ತಮ್ಮ, ಅದರ ಕೊಳೆ ಹೋಗಲ್ಲ. ಗೋಡೆಗೆ, ನೆಲಕ್ಕೆ, ಹಾಸಿಗೆಗೆ, ಬಟ್ಟೆಗೆ ಅಂಟ್ಕೊಂಡು ಕೂತಿರುತ್ತೆ. ದೊಡ್ಡೋರು ನೆಲದ ಮೇಲೆ ನಡೀತಾರೆ, ಮಕ್ಕಳು ನೆಲದ ಮೇಲೆ ಬದುಕ್ತಾರೆ. ಕೈ ನೆಲಕ್ಕೆ, ಅದೇ ಕೈ ಬಾಯಿಗೆ. ಮನೆ ಒಳಗೆ ಸೇದೋದೇ ನಿಲ್ಲಬೇಕು, ಮಗು ಇರಲಿ ಬಿಡಲಿ."

ಮನೆಗೆ ಬರುವ ದಾರಿಯಲ್ಲಿ ದರ್ಜಿ, "ಅವರು ಓದಿದ್ದೇ ಹೆದರಿಸೋಕೆ. ಇಲ್ಲದೆ ಇರೋ ಹೊಗೆ ಎಲ್ಲಿಂದ ಅಂಟುತ್ತೆ?" ಎಂದು ನಕ್ಕ. ಕಾಜಕ್ಕ ನಗಲಿಲ್ಲ. ಮರುದಿನವೇ ಸೋಪಿನ ನೀರಿಟ್ಟುಕೊಂಡು ಗೋಡೆ ಉಜ್ಜಲು ನಿಂತಳು. ಇಳಿದ ನೀರು ಹಾಲಿಲ್ಲದ ಚಹಾದ ಬಣ್ಣ. ಪರದೆ ಒಗೆದಳು, ಹಾಸಿಗೆಯನ್ನು ಬಿಸಿಲಿಗೆ ಎಳೆದಳು. ಅವನು ಮೆಷೀನಿನ ಮುಂದೆ ಎರಡೂ ಕಾಲು ಎತ್ತಿ ಕೂತು, "ಮನೇನೇ ಒಗೆದು ಹಿಂಡಿ ಒಣಗಾಕ್ತೀಯೋ ಏನೋ ಮಾರಾಯ್ತಿ" ಎಂದು ತಮಾಷೆ ಮಾಡಿದ. ಅವಳು ಉಜ್ಜಿದ್ದನ್ನು ಅವನು ಮತ್ತೆ ತುಂಬುತ್ತಿದ್ದ, ಅವಳು ಬಟ್ಟೆ ಕೊಡಲು ಹೋದ ಪ್ರತಿ ಮಧ್ಯಾಹ್ನ.

ಆಮೇಲೆ ಫ್ರಾಕಿನ ಪ್ರಸಂಗ ನಡೆಯಿತು. ಮೂಲೆಮನೆಯ ಟೀಚರಮ್ಮ ಮೊಮ್ಮಗುವಿಗೆಂದು ಹೊಲಿಸಿದ ಫ್ರಾಕನ್ನು ತಂದು ಮೇಜಿನ ಮೇಲೆ ಎಸೆದರು. "ಏನು ಟೈಲರಣ್ಣ, ಇದನ್ನ ಹೊಲಿದ್ರೋ, ಸೇದಿದ್ರೋ?" ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಗೊಳ್ಳೆಂದು ನಕ್ಕರು. ದರ್ಜಿಯ ಕಿವಿ ಕೆಂಪಗಾಯಿತು. ಆ ಫ್ರಾಕನ್ನು ತಾನೇ ಕೂತು ಒಗೆದ. ಮಾರನೆಯ ವಾರ ಹಳೆಯದೊಂದು ಕಬ್ಬಿಣದ ಬೀರು ಮನೆಗೆ ಬಂತು. ಅದರ ಬಾಗಿಲಿನ ಸುತ್ತ ರಬ್ಬರಿನ ಪಟ್ಟಿ ಅಂಟಿಸಿದ. ಹೊಲಿದು ಮುಗಿದ ಪ್ರತಿ ಬಟ್ಟೆಗೂ ಪ್ಲಾಸ್ಟಿಕ್ ಕವರು, ಕವರಿನ ಬಾಯಿಗೆ ಪಿನ್ನು, ಆಮೇಲೆ ಬೀರಿನೊಳಗೆ. ಅಂತೂ ಇವರಿಗೆ ಬುದ್ಧಿ ಬಂತಲ್ಲ ಎಂದು ಕಾಜಕ್ಕ ಅವತ್ತು ಸಮಾಧಾನಪಟ್ಟಿದ್ದಳು.

ಆ ಸಮಾಧಾನ ಮುರಿದದ್ದು ಅಕ್ಕನ ಮನೆಯಲ್ಲಿ. ಬೇಕರಿಯಲ್ಲಿ ಕೆಲಸ ಮಾಡುವ ಅಕ್ಕ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಊರಿನ ಆ ಕಡೆ, ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಮನೆ. ಕಾಜಕ್ಕ ಮಗುವನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ನಿಂತಳು. ಕೆಲವೇ ದಿನಕ್ಕೆ ಉಂಡೆಯ ಎದೆಯ ಸೀಟಿ ನಿಂತಿತು. ಮಹಡಿ ಮೆಟ್ಟಿಲನ್ನು ಹತ್ತಿ ಇಳಿದು ಹತ್ತಿ ಇಳಿದು ರಿಪೇರಿಯವನ ತಲೆ ತಿನ್ನತೊಡಗಿದಳು. "ಇದು ನಿನ್ನ ಮಗಳೇನೇ? ನೀನು ತಂದಾಗ ಹಿಂಗಿರ್ಲಿಲ್ಲವಲ್ಲ" ಎಂದಳು ಅಕ್ಕ.

ಭಾನುವಾರ ದರ್ಜಿ ಮಗಳನ್ನು ನೋಡಲು ಬಂದ. ಕಂಕುಳಲ್ಲಿ ದಿಂಬು. "ಇದಿಲ್ಲದೆ ಮಗು ಹೇಗೆ ಮಲಗುತ್ತೋ ಅಂತ ಅಮ್ಮ ಒದ್ದಾಡ್ತಿದ್ರು. ತಗೋ." ಅದು ಅಜ್ಜಿ ಮೊಮ್ಮಗಳಿಗೆಂದೇ ಹೊಲಿದ ದಿಂಬು. ಹೂವಿನ ಗಲೀಪು, ಒಳಗೆ ಅಂಗಡಿಯ ತುಂಡುಬಟ್ಟೆ. ಉಂಡೆ ಅದನ್ನು ತಬ್ಬಿಕೊಂಡು ಮುಖ ಹುದುಗಿಸಿ ಮಲಗಿದಳು. ಎರಡು ರಾತ್ರಿ ಕಳೆಯುವುದರೊಳಗೆ ಸೀಟಿ ಮತ್ತೆ ಶುರು.

"ಮನೇಲಿ ಏನು ಬದಲಾಯ್ತೇ?" ಎಂದು ಅಕ್ಕ ಕೇಳಿದಳು. ಏನೂ ಬದಲಾಗಿರಲಿಲ್ಲ. ದಿಂಬೊಂದು ಬಂದಿತ್ತು.

ಕಾಜಕ್ಕ ಅದರಲ್ಲಿ ಮೂಗಿಟ್ಟಳು. ಗಂಡನ ಅಂಗಿಯ ಕಂಕುಳು, ಅವನ ಬೆರಳು, ಅವನ ಬೂದಿಯ ಡಬ್ಬ, ಎಲ್ಲ ಅದರೊಳಗಿದ್ದವು. ಆ ಮನೆಯಲ್ಲೇ ಇದ್ದಾಗ ಅವಳ ಮೂಗಿಗೆ ಅದು ವಾಸನೆಯೇ ಆಗಿರಲಿಲ್ಲ. ಮನೆ ಅಂದರೇ ಹಾಗೆ ಎಂದು ಮೂಗು ಒಪ್ಪಿಕೊಂಡುಬಿಟ್ಟಿತ್ತು. ಬೇರೆ ಗಾಳಿ ಕುಡಿದ ಮೇಲೆ ಅದಕ್ಕೆ ಜೀವ ಬಂದಿತ್ತು. ತನ್ನ ಸೀರೆ, ಮಗುವಿನ ಬಟ್ಟೆಯ ಗಂಟು, ಎಲ್ಲವನ್ನೂ ಮೂಸಿದಳು. ಎಲ್ಲದರಲ್ಲೂ ಅದೇ. ಅಕ್ಕನ ಸೀರೆ ಉಟ್ಟು, ಮಗುವಿಗೆ ಅಕ್ಕನ ಮಗಳ ಹಳೆಯ ಫ್ರಾಕು ತೊಡಿಸಿ, ಬೆಳಿಗ್ಗೆ ಸಿಕ್ಕ ಮೊದಲ ಬಸ್ಸು ಹತ್ತಿದಳು. ದಿಂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ ತಂದಿದ್ದಳು, ಹಾವು ಹಿಡಿದು ತಂದವರ ಹಾಗೆ.

"ನನ್ನ ಕೈಯಾರೆ ಹೊಲಿದಿದ್ದು ಕಣೇ ಅದು," ಎಂದರು ಅತ್ತೆ ಈಗ, ಪರದೆಯ ಬಳಿಯಿಂದ ಮುಂದೆ ಬಂದು. "ಒಂದೊಂದು ತುಂಡೂ ಮೆತ್ತಗಿರೋದನ್ನೇ ಆರಿಸಿ ತುಂಬಿದೀನಿ. ಅದ್ರಲ್ಲಿ ಏನು ವಿಷ ಇಟ್ಟಿದೀನಾ ನಾನು?"

"ಎಲ್ಲಿಂದ ಆರಿಸಿದ್ರಿ ಅತ್ತೆ?"

"ಇನ್ನೆಲ್ಲಿಂದ? ಮೇಜಿನ ಕೆಳಗಿನ ಚೀಲದಿಂದ."

ಕಾಜಕ್ಕ ಮೇಜಿನ ಮೇಲಿದ್ದ ತನ್ನ ಸಣ್ಣ ಕತ್ತರಿ ತೆಗೆದುಕೊಂಡು ದಿಂಬಿನ ಹೊಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಸೀಳಿದಳು. ಅತ್ತೆ 'ಅಯ್ಯೋ' ಎಂದರು. ತುಂಡುಗಳು ನೆಲದ ಮೇಲೆ ಸುರಿದವು. ಪ್ರತಿಯೊಂದೂ ಅವಳಿಗೆ ಗುರುತಿತ್ತು. ಶಾಲೆ ಮಕ್ಕಳ ನೀಲಿ, ಪೇದೆಯ ಖಾಕಿ, ಕೋಟಿನ ಒಳಗಿಡುವ ಬಿಳಿ ಅಸ್ತರು. ಬಿಳಿ ಎಂದು ಕೊಂಡದ್ದು, ಈಗ ಹಳೆಯ ಹಲ್ಲಿನ ಬಣ್ಣ. ವರ್ಷಗಟ್ಟಲೆ ಬೂದಿ ಡಬ್ಬದ ಮಗ್ಗುಲಲ್ಲಿ ಕೂತು ಹೊಗೆ ಕುಡಿದ ತುಂಡುಗಳು. ಮಗಳು ದಿನವೂ ಮುಖವಿಟ್ಟು ಮಲಗಿದ್ದು ಇದರ ಮೇಲೆ.

ತುಂಡುಗಳ ನಡುವಿನಿಂದ ಒಂದು ಸಿಗರೇಟಿನ ಮೋಟು ಉರುಳಿ ಬಂದು ಅತ್ತೆಯ ಕಾಲ ಬಳಿ ನಿಂತಿತು.

ಅತ್ತೆ ಮೆಲ್ಲಗೆ ಅದರ ಮೇಲೆ ಪಾದ ಇಟ್ಟರು.

"ಕಾಲು ತೆಗೀರಿ ಅತ್ತೆ."

"ಏನಿದೆ ಇಲ್ಲಿ? ಏನೂ ಇಲ್ಲ."

"ತೆಗೀರಿ."

ಅತ್ತೆ ತೆಗೆಯಲಿಲ್ಲ. "ನಂಗೆ ಕಣ್ಣು ಸರಿಯಾಗಿ ಕಾಣಿಸಲ್ಲ ಅಂತ ನಿಂಗೇ ಗೊತ್ತು," ಎಂದರು, ಧ್ವನಿ ಇಳಿಸಿ. "ಬೇಕು ಅಂತ ಮಾಡ್ತೀನಾ? ಮೊಮ್ಮಗಳಿಗೆ?"

"ನಿಮ್ಮನ್ನ ನಾನು ಏನಾದ್ರೂ ಅಂದ್ನಾ? ಚೀಲಕ್ಕೆ ಮೋಟು ಎಸೆದೋನು ಕೂತಿದಾನಲ್ಲ, ಬಾಯಲ್ಲಿ ದಾರ ಕಚ್ಕೊಂಡು."

ದರ್ಜಿ ದಾರ ಉಗುಳಿ ಎದ್ದ. "ಆಯ್ತು, ಒಂದು ಮೋಟು ಬಿದ್ದಿದೆ, ಆಕಾಶ ಬಿದ್ದಿಲ್ಲ. ನಮ್ಮಪ್ಪ ಇದೇ ಕೋಣೇಲಿ, ಇದೇ ಮೆಷೀನ್ ಮುಂದೆ ದಿನಕ್ಕೊಂದು ಕಟ್ಟು ಬೀಡಿ ಸೇದ್ತಿದ್ರು. ನಾನು ಬೆಳೀಲಿಲ್ವಾ? ಕಲ್ಲಿನ ಹಾಗೆ ಇದೀನಿ."

"ಕಲ್ಲಿನ ಹಾಗೇ ಇದೀಯ. ಅದೇ ಬಂದಿರೋ ಕಷ್ಟ."

"ನಾಲಿಗೆ ಬಿಗಿಹಿಡಿ!"

"ನಿಮ್ಮಪ್ಪ ಕೊನೆಗೆ ಹೇಗೆ ಹೋದ್ರು, ಅದನ್ನ ನಿಮ್ಮಮ್ಮನ್ನ ಕೇಳು. ದಿಂಬು ಮೂರು ಇಟ್ಟು ಕೂರಿಸ್ತಿದ್ರಂತೆ, ಮಲಗಿದ್ರೆ ಉಸಿರು ಸಿಗ್ತಿರ್ಲಿಲ್ಲ ಅಂತ. ಹೌದೋ ಅಲ್ವೋ ಅತ್ತೆ?"

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಕೈ ಒಣಗಿ ಎಷ್ಟೋ ಹೊತ್ತಾಗಿತ್ತು.

ಅಷ್ಟರಲ್ಲಿ ಬಾಗಿಲ ಬಳಿ ನೆರಳು. ಬಸ್ ಡ್ರೈವರು ಪ್ಯಾಂಟು ತೆಗೆದುಕೊಂಡು ಹೋಗಲು ಬಂದಿದ್ದ. "ಏನು ಉಂಡೆ, ಹೊರಗೆ ಕೂತಿದೀಯ? ಅಪ್ಪ ಶಿಕ್ಷೆ ಕೊಟ್ರಾ?" ಎಂದು ಮಗುವಿನ ತಲೆ ಸವರಿ ಒಳಗೆ ಬಂದ.

ದರ್ಜಿಯ ಮುಖ ಕ್ಷಣದಲ್ಲಿ ಬದಲಾಯಿತು. ಕನ್ನಡಕ ಮೇಲೇರಿತು, ನಗು ಬಂತು. "ಬನ್ನಿ ಸಾರ್ ಬನ್ನಿ, ನಿನ್ನೇನೇ ರೆಡಿ." ಬೀರು ತೆಗೆದ. ರಬ್ಬರಿನ ಪಟ್ಟಿ ಪಚ್ ಎಂದು ಬಿಟ್ಟುಕೊಂಡಿತು. ಕವರಿನ ಪಿನ್ನು ತೆಗೆದು ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ ಡ್ರೈವರನ ಮುಖದ ಹತ್ತಿರ ಹಿಡಿದ. "ಮೂಸಿ ನೋಡಿ ಸಾರ್. ಬೇಕಾದ್ರೆ ಮೂಸಿ. ಹೊಸ ಬಟ್ಟೆ ವಾಸನೆ ಬಿಟ್ಟು ಬೇರೆ ಒಂದು ಚೂರು ಬರಲ್ಲ."

"ಪ್ಯಾಂಟು ಮೂಸೋ ವಯಸ್ಸೇನ್ರೀ ನಂದು?" ಎಂದು ಡ್ರೈವರು ನಕ್ಕ. ಆಮೇಲೆ ನೆಲದ ಮೇಲಿನ ಚಿಂದಿ, ಕಾಜಕ್ಕನ ಕೈಯ ಕತ್ತರಿ, ಅತ್ತೆಯ ಮುಖ ನೋಡಿ ನಗು ನಿಲ್ಲಿಸಿದ. ದುಡ್ಡು ಇಟ್ಟು, ಪ್ಯಾಂಟು ಕಂಕುಳಿಗೆ ಸಿಕ್ಕಿಸಿ, ಸರಸರನೆ ಮೆಟ್ಟಿಲಿಳಿದ.

ದರ್ಜಿ ಬೀರು ಮುಚ್ಚಿ ತಿರುಗಿದಾಗ ಕಾಜಕ್ಕ ಅಲ್ಲೇ, ಚಿಂದಿಯ ನಡುವೆ ನಿಂತಿದ್ದಳು. ಅವಳ ಧ್ವನಿ ಈಗ ಇಳಿದಿತ್ತು. ಅತ್ತೆಗೆ ಅದು ಕೂಗಾಟಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಹಾಗಾದ್ರೆ ನಿಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಬಟ್ಟೆಗೆ ಅಂಟುತ್ತೆ ಅಂತ. ಕಣ್ಣಿಗೆ ಕಾಣದೆ ಇದ್ರೂ ಇರುತ್ತೆ ಅಂತ. ಡಾಕ್ಟರು ಹೇಳಿದಾಗ ನಕ್ಕೆ. ಟೀಚರಮ್ಮ ಫ್ರಾಕು ಎಸೆದಾಗ ನಗಲಿಲ್ಲ. ಡ್ರೈವರ್ ಪ್ಯಾಂಟಿಗೆ ಬೀರು, ಬೀರಿಗೆ ರಬ್ಬರು, ಒಳಗೆ ಕವರು, ಕವರಿಗೆ ಪಿನ್ನು. ನನ್ನ ಮಗಳಿಗೆ? ಕವರು ಬೇಡ, ಬೀರು ಬೇಡ, ಆ ಪ್ಯಾಂಟಿಗೆ ಇರೋ ಮರ್ಯಾದೆಲಿ ಕಾಲು ಭಾಗ ನಿನ್ನ ಮಗಳ ಎದೆಗೆ ಕೊಟ್ಟಿದ್ರೆ ಸಾಕಿತ್ತು."

"ಅದು ವ್ಯಾಪಾರ ಕಣೇ! ಗಿರಾಕಿ ಹೋದ್ರೆ ತಿನ್ನೋದೇನು?"

"ಗಿರಾಕಿ ಬೈದು ಬಟ್ಟೆ ವಾಪಸ್ ತರ್ತಾರೆ, ಅದಕ್ಕೆ ಭಯ. ಈ ಮಗು ಯಾರ ಹತ್ರ ಹೋಗಿ ಏನು ವಾಪಸ್ ಕೊಡುತ್ತೆ? ಅಪ್ಪ ಅಂತ ನಿನ್ನ ಹತ್ರಾನೇ ಬಂದು ಮಲಗುತ್ತೆ."

ಹೊರಗೆ ಉಂಡೆ ಕೆಮ್ಮಿದಳು. ಸಣ್ಣ ಕೆಮ್ಮು, ಒಣಗಿದ ಕಡ್ಡಿ ಮುರಿದ ಹಾಗೆ. ಮೂವರೂ ಅದನ್ನು ಕೇಳಿದರು.

"ನೋಡು," ಎಂದಳು ಕಾಜಕ್ಕ. "ನಾನು ಜಗಳ ಆಡೋಕೆ ಬಂದೆ, ಆಡಿ ಆಯ್ತು. ಈಗ ಒಂದೇ ಮಾತು ಕೇಳ್ತೀನಿ. ಈ ಹೊಸಿಲೊಳಗೆ ಇನ್ನು ಸೇದಲ್ಲ ಅನ್ನು. ಮಗು ಇದ್ರೂ ಇಲ್ಲ, ಇಲ್ಲದಿದ್ರೂ ಇಲ್ಲ. ಬೇಕಾದ್ರೆ ಆಚೆ ರಸ್ತೆ ಕೊನೆಗೆ ಹೋಗಿ ಸೇದು, ಕೈ ಬಾಯಿ ತೊಳ್ಕೊಂಡು ಅಂಗಿ ಬದಲಾಯಿಸಿ ಒಳಗೆ ಬಾ. ಈ ಹಾಸಿಗೆ, ಈ ಚೀಲ ಎಲ್ಲ ಎಸೆಯೋಣ. ಗೋಡೆ ಕೆರೆದು ಸುಣ್ಣ ಹೊಡೆಯೋಣ, ನಾನೇ ಹೊಡೀತೀನಿ. ಹೂಂ ಅನ್ನು, ಈಗಲೇ ಉಂಡೆನ ಒಳಗೆ ಎತ್ಕೊಂಡು ಬರ್ತೀನಿ."

"ಹೂಂ ಅನ್ನೋ ಮಗನೇ," ಎಂದರು ಅತ್ತೆ. ಆ ಹೊತ್ತಿಗೆ ಅವರ ಪಾದ ಮೋಟಿನ ಮೇಲಿಂದ ಸರಿದಿತ್ತು.

ಬಹುಶಃ ತಾಯಿ ಹೇಳದೇ ಇದ್ದಿದ್ದರೆ ಅಂದುಬಿಡುತ್ತಿದ್ದನೋ ಏನೋ. ಇಬ್ಬರು ಹೆಂಗಸರೂ ಒಂದೇ ಕಡೆ ನಿಂತದ್ದು ನೋಡಿ ಅವನಿಗೆ ನೆತ್ತಿಗೇರಿತು. "ನನ್ನ ಮನೆ. ನನ್ನ ಮೆಷೀನು. ನನ್ನ ದುಡಿಮೆ. ನನ್ನ ಮನೇಲಿ ನಾನು ಯಾವಾಗ ಉಸಿರಾಡಬೇಕು ಅಂತ ನೀನು ಹೇಳಿಕೊಡ್ತೀಯಾ? ನಾನು ಕೊಟ್ಟ ಮಾತೇನು? ಮಗು ಮುಂದೆ ಸೇದಲ್ಲ ಅಂತ. ಒಂದು ದಿನ ತಪ್ಪಿದೀನಾ? ಹೇಳು, ತಪ್ಪಿದೀನಾ?"

"ಇಲ್ಲ. ತಪ್ಪಿಲ್ಲ."

"ಈಗ ಮಗು ಎಲ್ಲಿದೆ? ಹೊರಗೆ. ನೀನೇ ಕೂರಿಸಿದ್ದು." ಅವನ ಕೈ ಜೇಬಿಗೆ ಹೋಯಿತು. ಸಿಗರೇಟು ತುಟಿಗೆ ಬಂತು. ಕಡ್ಡಿ ಗೀರುವ ಮೊದಲು, ರೂಢಿಯಂತೆ, ತಿರುಗಿ ಬೀರಿನ ಬಾಗಿಲು ಗಟ್ಟಿಯಾಗಿ ಮುಚ್ಚಿದೆಯೋ ಎಂದು ಒಮ್ಮೆ ಒತ್ತಿ ನೋಡಿದ. ಆಮೇಲೆ ಹಚ್ಚಿದ.

ಕಾಜಕ್ಕ ಆ ಕೈಯನ್ನೇ ನೋಡಿದಳು. ಬೀರಿನ ಬಾಗಿಲನ್ನು ಒತ್ತಿದ ಕೈಯನ್ನು. ಅಷ್ಟು ಹೊತ್ತು ಅವಳ ಮೈಯಲ್ಲಿ ಕುದಿಯುತ್ತಿದ್ದದ್ದು ಆರಲಿಲ್ಲ, ಗಟ್ಟಿಯಾಯಿತು. ಇನ್ನು ಒಂದು ಮಾತನ್ನೂ ಈ ಮನುಷ್ಯನ ಮೇಲೆ ಖರ್ಚು ಮಾಡಬಾರದು ಎಂದುಕೊಂಡಳು. ಮೇಜಿನ ಮೇಲಿದ್ದ ತನ್ನ ಕಾಜದ ಸೂಜಿ ತೆಗೆದುಕೊಂಡಳು. ಕತ್ತರಿ ಕೈಯಲ್ಲೇ ಇತ್ತು. ಹೊಸಿಲು ದಾಟಿದಳು.

ಅತ್ತೆ ಪರದೆಯ ಹಿಂದೆ ಓಡಿದರು. ಮೊಮ್ಮಗಳ ಲಂಗ, ಅಂಗಿ, ಸ್ವೆಟರು, ಕೈಗೆ ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ತುರುಕಿ, ಮೇಲೆ ಬಟ್ಟೆಯ ಗೊಂಬೆ ಸಿಕ್ಕಿಸಿ ಮೆಟ್ಟಿಲವರೆಗೆ ತಂದರು. "ಅಕ್ಕನ ಮನೇಲೇ ಇನ್ನೆರಡು ದಿನ ಇದ್ದು ಬಾಮ್ಮ. ಅವನಿಗೆ ಕೋಪ ಇಳೀಲಿ. ಇದನ್ನಾದ್ರೂ ತಗೊಂಡು ಹೋಗು."

"ಬೇಡ ಅತ್ತೆ."

"ಮಗೂಗೆ ಹಾಕೋಕೆ ಬೇಡ್ವೇನೇ?"

ಕಾಜಕ್ಕ ಚೀಲದ ಬಾಯಿ ತೆರೆದು ಅತ್ತೆಯ ಮುಖದ ಹತ್ತಿರ ಹಿಡಿದಳು. ಅತ್ತೆ ಉಸಿರೆಳೆದರು. ಅವರ ಮೂಗಿಗೆ ಅದು ಮನೆಯ ವಾಸನೆ, ಅಷ್ಟೇ. ಅರ್ಥವಾಗದೆ ಸೊಸೆಯ ಮುಖ ನೋಡಿದರು. ಕಾಜಕ್ಕ ಚೀಲವನ್ನು ಮೆಲ್ಲಗೆ ಅವರ ಕೈಗೇ ಕೊಟ್ಟಳು. ಆ ಮುದುಕಿಯ ಮೇಲೆ ಅವಳಿಗೆ ಕೋಪ ಉಳಿದಿರಲಿಲ್ಲ.

ಗೊಂಬೆ ನೋಡಿ ಉಂಡೆ ಕೈ ಚಾಚಿದಳು. ಅದೂ ಅಂಗಡಿಯ ತುಂಡುಗಳಿಂದಲೇ ಮಾಡಿದ್ದು, ಹೊಟ್ಟೆಯೊಳಗೂ ಅದೇ ಚಿಂದಿ. ಕೊಡಲಿಲ್ಲವೆಂದು ಬೀದಿಗೆಲ್ಲ ಕೇಳುವಂತೆ ಅತ್ತಳು. ಕಾಜಕ್ಕ ಅವಳನ್ನು ಸೊಂಟಕ್ಕೆ ಎತ್ತಿಕೊಂಡು ಬೀದಿ ನಲ್ಲಿಯ ಬಳಿ ನಿಂತು ಕತ್ತರಿಯನ್ನೂ ಸೂಜಿಯನ್ನೂ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದಳು. ಉಕ್ಕು ತೊಳೆದರೆ ಸ್ವಚ್ಛವಾಗುತ್ತದೆ. ಆಮೇಲೆ ಮಗುವಿನ ಎರಡೂ ಅಂಗೈ ತೊಳೆದಳು, ಬೆರಳ ಸಂದಿಯನ್ನೂ ಬಿಡದೆ.

ದರ್ಜಿ ಸಿಗರೇಟು ಹಿಡಿದು ಬಾಗಿಲಿಗೆ ಬಂದ. ಮಗು ಕಣ್ಣಿಗೆ ಬೀಳುತ್ತಲೇ ಕೈಯನ್ನು ಬೆನ್ನ ಹಿಂದೆ ಅಡಗಿಸಿದ.

"ಯಾಕಮ್ಮ ಅಳ್ತೀಯ? ಕೈ ಬೀಸ್ಕೊಂಡು ಹೋಗ್ತಿದಾಳೆ ನೋಡು," ಎಂದು ಸೆರಗಿನಿಂದ ಕಣ್ಣೊರೆಸುತ್ತಿದ್ದ ತಾಯಿಗೆ ಹೇಳಿದ, ನಲ್ಲಿಯವರೆಗೂ ಕೇಳುವಷ್ಟು ಜೋರಾಗಿ. "ಮನೆ ಬಿಟ್ಟು ಹೋಗೋರು ಹೀಗೆ ಹೋಗ್ತಾರಾ? ಒಂದು ಲಂಗ ತಗೊಂಡಿಲ್ಲ, ಒಂದು ಚೀಲ ಹಿಡಿದಿಲ್ಲ. ಅವಳ ಬಟ್ಟೆಬರೆ ಎಲ್ಲ ಇಲ್ಲೇ ಇದೆ. ಕತ್ತಲಾಗೋದ್ರೊಳಗೆ ಬಂದೇ ಬರ್ತಾಳೆ."

ಕಾಜಕ್ಕನಿಗೆ ಕೇಳಿಸಿತು. ತಿರುಗಿ ನಿಂತು, ಯಾಕೆ ಒಂದು ನೂಲೂ ತೆಗೆದುಕೊಂಡಿಲ್ಲ ಎಂದು ಬಿಡಿಸಿ ಹೇಳಬಹುದಿತ್ತು. ಬದಲಿಗೆ ನಲ್ಲಿ ನಿಲ್ಲಿಸಿ, ಒದ್ದೆ ಕೈಯನ್ನು ಅಕ್ಕನ ಸೀರೆಗೆ ಒರೆಸಿಕೊಂಡು, ಅಳುವ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, ಬಸ್ಸು ನಿಲ್ಲುವ ಕಡೆ ನಡೆದಳು.

ಕತ್ತಲಾಯಿತು. ಬರಲಿಲ್ಲ. ಮರುದಿನ ಅಂಗಿ ಕೇಳಿಕೊಂಡು ಬಂದ ಗಿರಾಕಿಗೆ ದರ್ಜಿ, "ಕಾಜ ಒಂದು ಬಾಕಿ ಸಾರ್, ಇವತ್ತು ಬರ್ತಾಳೆ" ಎಂದ. ಅದರ ಮಾರನೆಯ ದಿನವೂ ಅದನ್ನೇ ಅಂದ. ಕಾಜವಿಲ್ಲದ ಅಂಗಿಗಳು ಒಂದರ ಮೇಲೊಂದು ಕವರು ತೊಟ್ಟು ಬೀರಿನಲ್ಲಿ ಬೆಚ್ಚಗೆ ಕೂತವು. ಕೊನೆಗೆ ಬೀರಿನ ಬಾಗಿಲು ಮುಚ್ಚದಾಯಿತು. ಅವಳು ಬರಲಿಲ್ಲ.